ನಾಲ್ಕನೆಯ ಎಲೆ

ಬಾಗಿಲು ತೆರೆದುಕೊಂಡಿತು, ವಿನೋದಾ ಮತ್ತೊಮ್ಮೆ ಸತ್ತಳು.

ಪರದೆ ಕಪ್ಪಾಯಿತು. ಕಿವಿಯ ಹತ್ತಿರವೇ ಯಾರೋ ಉಸಿರು ಬಿಟ್ಟ ಹಾಗೆ ಒಂದು ಸದ್ದು. ಆಮೇಲೆ ಅದೇ ಮನೆ, ಅದೇ ಮುಚ್ಚಿದ ಕೋಣೆ, ಆಟ ಮೊದಲಿನಿಂದ ಶುರು.

"ಆಂಟೀ, ತಟ್ಟದೇ ತೆಗೆದ್ರಿ ನೀವು," ಎಂದ ಸಮಿತ್. "ಪೆಹಲೇ ತಟ್ಟಬೇಕು, ಫಿರ್ ತೆಗೀಬೇಕು. ಗೇಮಿನ ರೂಲೇ ಅದು."

"ರೂಲು ನಿನ್ನ ಗೇಮಿನದ್ದಲ್ಲ ಮಾರಾಯ, ನಮ್ಮ ಊರಿನದ್ದು. ಒಳಗೆ ಉಣ್ಣುವ ಸತ್ತವರು ಎದ್ದು ಹೋಗ್ಲಿಕ್ಕೆ ತಟ್ಟುವುದು. ನನಗೆ ಗೊತ್ತುಂಟು. ಈ ಕೈ ಕೇಳ್ಬೇಕಲ್ಲ."

ಅವಳ ಬಲಗೈಯ ಮಣಿಕಟ್ಟಿಗೆ ಬ್ಯಾಂಡೇಜು ಸುತ್ತಿತ್ತು. ಮಳೆಗಾಲ ಶುರುವಾದ ಹೊಸತರಲ್ಲಿ ಡೊಂಬಿವಲಿ ಸ್ಟೇಷನ್ನಿನ ಬ್ರಿಜ್ಜಿನ ಮೆಟ್ಟಿಲಲ್ಲಿ ಜಾರಿದ ಫಲ. ಅಂದಿನಿಂದ ಊಟ, ಬೀಗ, ಛತ್ರಿ ಎಲ್ಲವೂ ಎಡಗೈಯ ಪಾಲು. ಸಮಿತ್ ಕಾಫಿ ತಂದು ಎಲ್ಲರೂ ಇಡುವ ಹಾಗೆ ಬಲಗಡೆಗೇ ಇಟ್ಟಿದ್ದ. ಅಡ್ಡ ಕೈ ಚಾಚಿ ಎತ್ತಿಕೊಳ್ಳುವಾಗ ಅರ್ಧ ಕಾಫಿ ಅವನ ಮೇಜಿಗೆ ಅಭಿಷೇಕವಾಗಿತ್ತು.

ಸಾನಪಾಡಾದಲ್ಲಿ ಸಮಿತ್ ನಡೆಸುತ್ತಿದ್ದ ಆ ಗೇಮ್ ಕಂಪನಿಯ ಆಫೀಸಿನಲ್ಲಿ ಮೇಜು ಕುರ್ಚಿಗಳಿಗೆ ಬರವಿರಲಿಲ್ಲ, ಕೂರುವವರಿಗೆ ಮಾತ್ರ ಬರ. ಹಿಂದಿನ ವರ್ಷ ಗಿಜಿಗುಡುತ್ತಿದ್ದ ಜಾಗವಂತೆ. ಈಗ ಮೂಲೆಯ ಒಂದು ಮೇಜಿನಲ್ಲಿ ಹೆಡ್‌ಫೋನು ಹಾಕಿಕೊಂಡ ಹುಡುಗಿಯೊಬ್ಬಳು ಚಿತ್ರ ಬಿಡಿಸುತ್ತಿದ್ದಳು, ಅಷ್ಟೆ. ಗೋಡೆಯ ಮೇಲೆ 'ತಟ್ಟಿ ತೆರೆ' ಎಂಬ ಮೊದಲ ಆಟದ ದೊಡ್ಡ ಪೋಸ್ಟರು ಇತ್ತು. ಎರಡನೆಯದರ ಪೋಸ್ಟರನ್ನು ಯಾರೋ ಕಿತ್ತಿದ್ದರು. ಅಂಟಿನ ಗುರುತು ಮಾತ್ರ ಉಳಿದಿತ್ತು.

ಈ ಆಟವನ್ನು ಹುಟ್ಟಿಸಿದವನು ಟಿಟ್ವಾಳಾದ ಪುಷ್ಪಾವತಿಯ ಮಗ ಯೋಗೀಶ್. ಕಳೆದ ವರ್ಷ ಚೌತಿ ಮುಗಿದ ಮೇಲೆ ಮನೆಯಿಂದ ಹೊರಟವನು ಇನ್ನೂ ಮರಳಿಲ್ಲ. ವಾರಕ್ಕೊಂದು 'ಆರಾಮಿದ್ದೇನೆ' ಎಂಬ ಮೆಸೇಜು ಬರುತ್ತದೆ, ದನಿ ಕೇಳಿದವರು ಯಾರೂ ಇಲ್ಲ.

ಪೊಲೀಸರು ಕೈ ತೊಳೆದುಕೊಂಡಿದ್ದರು. ಬೆಳೆದ ಗಂಡಸು, ಮೆಸೇಜು ಮಾಡುತ್ತಿದ್ದಾನೆ, ಇನ್ನೇನು ಬೇಕಮ್ಮಾ ಎಂದರಂತೆ. ಆ ಮೇಲೆಯೇ ಪುಷ್ಪಾವತಿ ಡೊಂಬಿವಲಿಗೆ ಬಂದು, ಹಿಟ್ಟಿನ ಗಿರಣಿಯ ಮೇಲಿನ ವಿನೋದಾಳ ಕೋಣೆಯ ಮೆಟ್ಟಿಲು ಹತ್ತಿದ್ದಳು. ಮದುವೆ ಸಂಬಂಧಗಳ ಹಿಂದುಮುಂದು ವಿಚಾರಿಸಿ ಕೊಡುವುದು ವಿನೋದಾಳ ನಿತ್ಯದ ಕಸುಬು. ವರನಿಗೆ ಕುಡಿತವಿದೆಯೇ, ಹುಡುಗಿಗೆ ಬೇರೆ ಯಾರಾದರೂ ಇದ್ದಾರೆಯೇ, ಇಂಥವು. ಪುಷ್ಪಾವತಿ ಕೇಳಿದ ಪ್ರಶ್ನೆಯನ್ನು ಅದುವರೆಗೆ ಯಾರೂ ಅವಳನ್ನು ಕೇಳಿರಲಿಲ್ಲ.

"ಆಟಿ ಅಮಾವಾಸ್ಯೆಗೆ ನಮ್ಮಲ್ಲಿ ಸತ್ತವರಿಗೆ ಬಡಿಸ್ಲಿಕ್ಕುಂಟು ವಿನೋದಕ್ಕ. ಯೋಗಿಗೆ ಎಲೆ ಹಾಕ್ಬೇಕೋ ಬೇಡವೋ, ಅದೊಂದು ಹೇಳಿ ನನಗೆ."

ಬದುಕಿರುವವನಿಗೆ ಎಲೆ ಹಾಕಿದರೆ ತಾಯಿಯೇ ಮಗನನ್ನು ಕೊಂದ ಹಾಗೆ. ಸತ್ತವನಿಗೆ ಹಾಕದಿದ್ದರೆ ಅವನು ಹಸಿದುಕೊಂಡು ಬಾಗಿಲ ಹೊರಗೇ ನಿಲ್ಲುತ್ತಾನೆ. ಪುಷ್ಪಾವತಿಗೆ ಇದು ಹೊಸ ಸಂಕಟವೂ ಅಲ್ಲ. ಗಂಡ ಹರಿಶ್ಚಂದ್ರ ಒಂದು ಬೆಳಿಗ್ಗೆ ಕಲ್ಯಾಣದ ಹೋಟೆಲಿಗೆ ಕೆಲಸಕ್ಕೆಂದು ಹೋದವನು ಹಾಗೇ ಹೋದ. ಮಗ ಆಗ ಶಾಲೆಗೆ ಹೋಗುತ್ತಿದ್ದ. ಇವತ್ತಿಗೂ ಅವಳು ಗಂಡನಿಗೆ ಎಲೆ ಹಾಕಿಲ್ಲ. ಅವನ ತಟ್ಟೆಯನ್ನು ದಿನಾ ತೊಳೆದು ಅಡುಗೆಮನೆಯ ರ‍್ಯಾಕಿನಲ್ಲಿ ಕವುಚಿ ಇಡುತ್ತಾಳೆ. "ಒಬ್ಬರಿಗೆ ಕಾದದ್ದು ಸಾಕು," ಎಂದಿದ್ದಳು ಅವಳು. "ಇನ್ನೊಂದು ತಟ್ಟೆ ತೊಳೀಲಿಕ್ಕೆ ನನ್ನಿಂದ ಆಗುದಿಲ್ಲ."

ಆ ಅಮಾವಾಸ್ಯೆ ಇವತ್ತೇ. ಬಡಿಸುವ ಮೊದಲು ಉತ್ತರ ಹೇಳುತ್ತೇನೆಂದು ವಿನೋದಾ ಮಾತು ಕೊಟ್ಟಾಗಿತ್ತು. ಹೊರಗೆ ಮಧ್ಯಾಹ್ನದ ಮಳೆ ರಸ್ತೆಯನ್ನೇ ನುಂಗುವ ಹಾಗೆ ಹೊಯ್ಯುತ್ತಿತ್ತು, ಅವಳ ಕೈಯಲ್ಲಿ ಇನ್ನೂ ಉತ್ತರವಿರಲಿಲ್ಲ.

"ಸರಿ, ಹೇಳು," ಎಂದಳು ಕಂಟ್ರೋಲರನ್ನು ಮಡಿಲಲ್ಲಿಟ್ಟು. "ಮೊದಲನೆಯದನ್ನು ಜನ ತಲೆ ಮೇಲೆ ಹೊತ್ತುಕೊಂಡರು. ಎರಡನೆಯದಕ್ಕೆ ಉಗಿದರು. ಯಾಕೆ?"

ಸಮಿತ್ ಈ ಪ್ರಶ್ನೆಗೆ ಎಷ್ಟೋ ಸಲ ಉತ್ತರ ಕೊಟ್ಟು ಪಳಗಿದ್ದ. "ಟೈಮಿಂಗ್ ಆಂಟಿ. ಅದೇ ವಾರ ಹೊರಗಿನ ದೊಡ್ಡ ಗೇಮ್ ಒಂದು ಬಂತು. ಮತ್ತೆ ಪಬ್ಲಿಕ್‌ಗೂ ಪೇಶನ್ಸ್ ಇಲ್ಲ. ಹೆದರಿಕೆ ಕಮ್ಮಿಯಂತೆ, ಕಥೆ ಸಪ್ಪೆಯಂತೆ. ಕ್ಯಾ ಕರೂ? ಯೋಗಿಯ ತಲೆ ಖಾಲಿ ಆಗಿತ್ತು, ಬಸ್."

"ಅವನೇ ಮಾಡಿದ್ದಾ ಇದನ್ನು?"

"ಮತ್ತೆ ಯಾರು? ಕಾಮೋಠೆಯಲ್ಲಿ ರೂಮ್ ಮಾಡಿದ್ದೇನೆ, ಒಬ್ಬನೇ ಕೂತು ಮಾಡ್ತೇನೆ, ಡಿಸ್ಟರ್ಬ್ ಮಾಡ್ಬೇಡಿ ಅಂತ ಮೇಲ್ ಹಾಕಿದ. ನಾನೂ ಮಾಡ್ಲಿಲ್ಲ."

"ನಿನ್ನೆ ನಾನು ಕಾಮೋಠೆಗೆ ಹೋಗಿದ್ದೆ. ಅವನು ಅಮ್ಮನಿಗೆ ಮೆಸೇಜಿನಲ್ಲಿ ಕೊಟ್ಟ ವಿಳಾಸದಲ್ಲಿ ಕಟ್ಟಡವೇ ಎದ್ದಿಲ್ಲ. ಹುಲ್ಲು ಬೆಳೆದ ಪ್ಲಾಟು, ಅದರಲ್ಲೊಂದು ಎಮ್ಮೆ. ಯೋಗೀಶ್ ಎಲ್ಲಿ ಅಂತ ಎಮ್ಮೆಯನ್ನು ಕೇಳುವುದೊಂದೇ ಬಾಕಿ."

ಸಮಿತ್ ನಗಲು ಹೋಗಿ, ಅರ್ಧಕ್ಕೇ ನಿಲ್ಲಿಸಿದ. ವಾಶಿಯಲ್ಲೇ ಹುಟ್ಟಿ ಬೆಳೆದವನು. ಕಾರ್ಕಳದ ಕಡೆಯ ಅಜ್ಜಿಯ ದಯೆಯಿಂದ ಕನ್ನಡ ಬರುತ್ತಿತ್ತು, ಗಾಬರಿಯಾದಾಗ ಮಾತ್ರ ಅದು ಪೂರ್ತಿ ಹಿಂದಿಗೆ ಜಾರುತ್ತಿತ್ತು.

ವಿನೋದಾ ಆಟದ ಕಡೆ ತಿರುಗಿದಳು. ಈ ಸಲ ಬಾಗಿಲನ್ನು ಮೂರು ಬಾರಿ ತಟ್ಟಿ ತೆರೆದಳು.

ಮೊದಲ ಆಟವನ್ನು ಅವಳು ಮನೆಯಲ್ಲಿ ಆಡಿ ಮುಗಿಸಿದ್ದಳು, ರಾತ್ರಿ ಬಚ್ಚಲಿಗೆ ಹೋಗಲೂ ಹೆದರಿದ್ದಳು. ಒಂದು ಮನೆ. ಕಾಣೆಯಾದ ಅಪ್ಪನನ್ನು ಹುಡುಕುವ ಮಗಳು. ಹಿರಿಯರಿಗೆ ಬಡಿಸಿ ಮುಚ್ಚಿದ ಕೋಣೆಯ ಒಳಗೆ ಏನೇನೋ ಓಡಾಡುತ್ತವೆ. ಆದರೆ ಅಲ್ಲಿ ಅಪ್ಪನ ಎಲೆ ಇಲ್ಲ. ಅವನ ತಟ್ಟೆ ಅಡುಗೆಮನೆಯ ರ‍್ಯಾಕಿನಲ್ಲಿ ಕವುಚಿಕೊಂಡಿದೆ. ಅದು ಅಲ್ಲಿರುವವರೆಗೆ ಅಪ್ಪ ಎಲ್ಲೋ ಬದುಕಿದ್ದಾನೆ. ಆಟದಲ್ಲಿ ಯಾರೂ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಆಡುವವರು ತಾವೇ ತಿಳಿದುಕೊಂಡು, ಪ್ರತಿ ಸದ್ದಿಗೂ ಅಡುಗೆಮನೆಗೆ ಓಡಿ ತಟ್ಟೆ ಇದೆಯೇ ಎಂದು ನೋಡಿ ಬರುತ್ತಿದ್ದರು. ಯೋಗೀಶ್ ತನ್ನ ಅಮ್ಮನ ಅಡುಗೆಮನೆಯನ್ನೇ ತಂದು ಊರವರ ಮುಂದಿಟ್ಟಿದ್ದ. ಆಡುತ್ತಾ ವಿನೋದಾ ಅತ್ತದ್ದೂ ಉಂಟು. ಅದನ್ನು ಸಮಿತ್‌ಗೆ ಹೇಳುವ ಅಗತ್ಯ ಅವಳಿಗೆ ಕಾಣಲಿಲ್ಲ.

ಎರಡನೆಯ ಆಟದ ಕೋಣೆಯೂ ಹಾಗೇ ಇತ್ತು. ದೀಪ, ಧೂಪ, ನೆಲದ ಮೇಲೆ ಸಾಲಾಗಿ ಬಾಳೆಲೆ. ಅಜ್ಜನಿಗೊಂದು, ಅಜ್ಜಿಗೊಂದು, ದೊಡ್ಡಜ್ಜನಿಗೊಂದು.

ಸಾಲಿನ ಕೊನೆಗೆ ನಾಲ್ಕನೆಯದು.

ಅವಳು ಅಡುಗೆಮನೆಗೆ ಓಡಿದಳು. ರ‍್ಯಾಕು ಖಾಲಿ. ತಟ್ಟೆ ಇಲ್ಲ.

ಮನಸ್ಸಿಗೆ ಒಮ್ಮೆಲೇ ಕೆಟ್ಟದೆನಿಸಿತು. ಮುಂದೆ ಹುಡುಕಲು ಏನೂ ಉಳಿದಿರಲಿಲ್ಲ. ಆಡಿದವರು ಇಂಟರ್ನೆಟ್ಟಿನಲ್ಲಿ ಬೈದು ಬರೆದದ್ದನ್ನೆಲ್ಲ ಅವಳು ಓದಿಕೊಂಡೇ ಬಂದಿದ್ದಳು. 'ಮೊದಲ ದೃಶ್ಯದಲ್ಲೇ ಅಪ್ಪ ಸತ್ತಿದ್ದಾನೆ, ಇನ್ನು ನಾನು ಹುಡುಕುವುದು ಯಾರನ್ನು?' ಎಂದು ಒಬ್ಬ. 'ಇದನ್ನು ಬರೆದವನಿಗೆ ಯಾರಿಗಾಗಿಯೂ ಕಾದು ಗೊತ್ತಿಲ್ಲ,' ಎಂದು ಇನ್ನೊಬ್ಬಳು. ಟೈಮಿಂಗ್, ಪಬ್ಲಿಕ್, ಪೇಶನ್ಸ್ ಎಂದು ಸಮಿತ್ ಏನೇ ಹೇಳಲಿ, ಆಟ ಸೋತದ್ದು ಈ ಎಲೆಯಿಂದ.

"ಈ ನಾಲ್ಕನೆಯ ಎಲೆ ಯಾರ ಐಡಿಯಾ?"

"ಯೋಗಿದೇ."

"ಸುಳ್ಳು," ಎಂದಳು ವಿನೋದಾ. ದನಿ ಏರಿಸಲಿಲ್ಲ. "ಅವನ ಅಮ್ಮ ಗಂಡನ ತಟ್ಟೆಯನ್ನು ಇವತ್ತಿಗೂ ತೊಳೆದು ಇಡ್ತಾಳೆ. ಆ ಅಮ್ಮನ ಮಗ ಸಾಯುವಾಗಲೂ ಅಪ್ಪನಿಗೆ ಎಲೆ ಹಾಕ್ಲಿಕ್ಕಿಲ್ಲ. ಆಟದಲ್ಲಿಯೂ ಇಲ್ಲ, ಕನಸಿನಲ್ಲಿಯೂ ಇಲ್ಲ."

"ಆಂಟಿ, ಇಟ್ಸ್ ಜಸ್ಟ್ ಅ ಗೇಮ್..."

"ನಿನಗೆ. ಅವನಿಗಲ್ಲ."

ಅವಳು ಆಟವನ್ನು ನಾಲ್ಕನೆಯ ಎಲೆಯ ಹತ್ತಿರಕ್ಕೇ ಒಯ್ದಳು. ಕುಚ್ಚಲಕ್ಕಿ ಅನ್ನ, ಕೋಳಿ ಸುಕ್ಕ, ಕಡುಬು, ಹುರಿದ ಬಂಗುಡೆ. ಎಲ್ಲ ಎಲೆಗಳ ಮೇಲೂ ಅದೇ. ಆದರೆ ಉಳಿದ ಮೂರು ಎಲೆಗಳಿಗೆ ನೀರಿನ ಲೋಟ ಬಲಗಡೆ ಇತ್ತು. ಈ ಎಲೆಗೆ ಎಡಗಡೆ. ಇದನ್ನೂ ಯಾರೋ ಬೈದು ಬರೆದಿದ್ದರು: ಒಂದು ಲೋಟವನ್ನು ಸರಿಯಾದ ಜಾಗದಲ್ಲಿಡಲೂ ಇವರಿಂದಾಗಿಲ್ಲ, ಅಷ್ಟು ಬೇಜವಾಬ್ದಾರಿ ಎಂದು. ಓದಿದಾಗ ಅವಳಿಗೂ ಹಾಗೇ ಅನಿಸಿತ್ತು.

ಈಗ ತನ್ನ ಬ್ಯಾಂಡೇಜಿನ ಕೈಯನ್ನೂ, ಬಲಗಡೆ ಚೆಲ್ಲಿದ ಕಾಫಿಯನ್ನೂ ನೋಡಿದಳು. ಪುಷ್ಪಾವತಿಯ ಮಾತು ನೆನಪಾಯಿತು. 'ನನ್ನ ಯೋಗಿ ಎಡಚ. ಎಷ್ಟು ಬೈದರೂ ಎಡಗೈಯಲ್ಲೇ ಉಣ್ಣುವುದು. ನಾನು ಲೋಟ ಬಲಕ್ಕೇ ಇಡುವುದು, ಹಾಗಾದ್ರೂ ಬುದ್ಧಿ ಬರ್ಲಿ ಅಂತ.'

ಹಾಗಾದರೆ ಇದು ಆಟದ ಅಪ್ಪನ ಎಲೆಯಲ್ಲ. ಹರಿಶ್ಚಂದ್ರನದ್ದೂ ಅಲ್ಲ. ಇದು ಯೋಗೀಶನ ಎಲೆ.

ವಿನೋದಾ ಎದ್ದು ಹೋಗಿ ಆಫೀಸಿನ ಬಾಗಿಲು ಹಾಕಿ ಬಂದಳು. ಹೆಡ್‌ಫೋನಿನ ಹುಡುಗಿ ತಲೆ ಎತ್ತಿದಳು.

"ಸಮಿತ್, ಯೋಗೀಶ್ ಸತ್ತಿದ್ದಾನೆ ಅಂತ ನಿನಗೆ ಯಾವಾಗ ಗೊತ್ತಾಯ್ತು?"

"ಕ್ಯಾ?" ಅವನು ಕುರ್ಚಿಯಿಂದ ಅರ್ಧ ಎದ್ದ. "ಯೇ ಕ್ಯಾ ಬೋಲ್ ರಹೀ ಹೋ ಆಪ್?"

"ಅವನ ಎಲೆಯನ್ನು ನಿನ್ನ ಆಟದಲ್ಲಿ ಹಾಕಿದ್ದೀರಿ. ಊಟಕ್ಕೆ ಕೂತವ ಎಡಚ ಅಂತ ಗೊತ್ತಿದ್ದವರು ಬಡಿಸಿದ ಎಲೆ ಅದು. ಸತ್ತಿದ್ದಾನೆ ಅಂತ ಗೊತ್ತಿದ್ದವರು ಬಡಿಸಿದ್ದು. ಯಾರು? ನೀನಾ?"

"ನಾನಾ? ಆಂಟಿ, ಆ ಎಲೆಯಿಂದ ನಾನು ಬರ್ಬಾದ್ ಆದೆ! ನನಗೆ ಗೊತ್ತಿದ್ರೆ ಅದನ್ನು ಇಡ್ತಿದ್ನಾ?" ಅವನು ಮುಖವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡ. "ಓಕೆ. ಓಕೆ. ಸುಳ್ಳು ಹೇಳಿದೆ. ಗೇಮ್ ಅವನು ಮಾಡ್ಲಿಲ್ಲ. ಅವನ ಹಳೇ ಡ್ರಾಫ್ಟ್ ಇತ್ತು, ಅದನ್ನು ಹಿಡ್ಕೊಂಡು ನಾನೇ ಬರೆದೆ. ಮೊದ್ಲು ಅವನು ಮೈಲುದ್ದದ ಮೇಲ್ ಹಾಕ್ತಿದ್ದ. ಚೌತಿ ಆದ ಮೇಲೆ ಕಾಮೋಠೆಯ ಆ ಮೇಲ್ ಒಂದು, ಆಮೇಲೆ ಬರೀ ಒಂದೊಂದು ಲೈನ್. 'ಆಯ್ತು.' 'ಸರಿ.' 'ನೀವೇ ನೋಡಿ.' ನನ್ನ ಮೇಲೆ ಕೋಪ ಅಂದ್ಕೊಂಡೆ. ಫೋನ್ ಎತ್ತೋದಿಲ್ಲ. ಅವನ ಹೆಸರಿಲ್ಲದೆ ಗೇಮ್ ಓಡೋದಿಲ್ಲ, ಅದಕ್ಕೇ ಅವನೇ ಮಾಡಿದ ಅಂತ ಎಲ್ಲರಿಗೂ ಹೇಳಿದೆ."

ಹೇಡಿ, ಎಂದುಕೊಂಡಳು ವಿನೋದಾ. ಜೊತೆಗೆ ಕೆಲಸ ಮಾಡುವವನು ತಿಂಗಳುಗಟ್ಟಲೆ ಕಾಣದಿದ್ದರೂ ಒಮ್ಮೆ ಹೋಗಿ ನೋಡದ ಹೇಡಿ. ಆದರೆ ಹೇಡಿಗಳು ಸತ್ತವರಿಗೆ ಬಡಿಸಲು ಹೋಗುವುದಿಲ್ಲ; ಅವರಿಗೆ ಅಷ್ಟು ಧೈರ್ಯವೂ ಇಲ್ಲ, ಅಷ್ಟು ಭಯವೂ ಇಲ್ಲ.

"ಆ ಎಲೆ?"

"ಅದು ಮೈನೇ ಡ್ರಾ ಕಿಯಾ," ಎಂದಿತು ಮೂಲೆಯಿಂದ ಒಂದು ದನಿ.

ಹುಡುಗಿ ಹೆಡ್‌ಫೋನು ತೆಗೆದು ನಿಂತಿದ್ದಳು. ಸೌಜನ್ಯ ಅವಳ ಹೆಸರು. ಎರಡೂ ಆಟಗಳ ಚಿತ್ರ ಅವಳದೇ. ಅಪ್ಪ ಅಮ್ಮ ಉಡುಪಿಯವರು, ಅವಳು ಉಡುಪಿ ನೋಡಿದ್ದು ಬೇಸಗೆ ರಜೆಯಲ್ಲಿ ಮಾತ್ರ.

"ನಂಗೆ ಈ ಬಡಿಸೋದೆಲ್ಲ ಗೊತ್ತಿಲ್ಲ ಆಂಟಿ. ಫರ್ಸ್ಟ್ ಗೇಮ್‌ಗೆ ಯೋಗಿ ಪಕ್ಕದಲ್ಲಿ ಕೂತು ಹೇಳಿದ್ದ. ಇದಕ್ಕೆ ರೆಫರೆನ್ಸ್ ಬೇಕಿತ್ತು. ದೀಪಾವಳಿಗೂ ನಿಮ್ಮ ಮನೇಲಿ ಬಡಿಸ್ತಾರಲ್ಲ, ಒಂದು ಫೋಟೋ ಕಳ್ಸು ಅಂತ ಮೇಲ್ ಹಾಕಿದೆ. ಕಳಿಸಿದ. ಫೋಟೋದಲ್ಲಿ ನಾಲ್ಕು ಎಲೆ ಇತ್ತು, ನಾಲ್ಕೇ ಡ್ರಾ ಮಾಡಿದೆ. ಲೋಟ ಹೇಗಿತ್ತೋ ಹಾಗೆ. ಅದನ್ನು ನೋಡಿ ಸಮಿತ್ ಸರ್, ಅಪ್ಪ ಸತ್ತ ಅಂತಲೇ ಕಥೆ ಶುರು ಮಾಡೋಣ ಅಂದ್ರು. ತಟ್ಟೇನೂ ತೆಗೆಸಿದ್ರು."

"ಯೋಗಿ ಹಾಗೇ ಬೇಕು ಅಂತಾನೆ ಅನ್ಕೊಂಡೆ," ಎಂದ ಸಮಿತ್ ನೆಲ ನೋಡುತ್ತಾ. "ರಿಲೀಸ್‌ಗೆ ಮೊದ್ಲು ಕೆಲವರಿಗೆ ಆಡ್ಲಿಕ್ಕೆ ಕೊಟ್ವಿ. ಎಲ್ರೂ ಆ ಎಲೆ ಬೇಡ ಅಂದ್ರು. ನಾನೂ ತೆಗೆಯೋಣ ಅಂತ ಮೇಲ್ ಹಾಕಿದೆ."

"ಅವನೇನು ಬರೆದ?"

ಸೌಜನ್ಯ ಫೋನಿನಲ್ಲಿ ಹುಡುಕಿ ತೋರಿಸಿದಳು. ಒಂದು ಸಾಲಿನವನು ಆ ದಿನ ಮಾತ್ರ ಎರಡು ಸಾಲು ಬರೆದಿದ್ದ.

'ಬಡಿಸಿದ ಎಲೆ ತೆಗೆಯಬೇಡಿ. ಉಣ್ಣುವವನನ್ನು ಎಬ್ಬಿಸಿದರೆ ಯಾರಿಗೂ ಒಳ್ಳೆಯದಲ್ಲ.'

ವಿನೋದಾ ಅದನ್ನು ಎರಡು ಸಲ ಓದಿದಳು. ಆಟ ಬರೆಯುವ ಹುಡುಗರ ಮಾತಲ್ಲ ಇದು. ಇದನ್ನು ಬರೆದವನಿಗೆ ಪರದೆಯ ಮೇಲಿನ ಎಲೆಯೂ ನಿಜವಾದ ಎಲೆಯೇ. ಮಾಡಿದ್ದನ್ನು ಮಾಡಿ, ಮುಚ್ಚಿ, ಸತ್ತವನ ಹೆಸರಿನಲ್ಲಿ ಮೆಸೇಜು ಕಳಿಸುವಷ್ಟು ಗಟ್ಟಿ ಮನುಷ್ಯ. ಆದರೆ ಸತ್ತವನನ್ನು ಹಸಿದು ನಿಲ್ಲಿಸುವ ಗಟ್ಟಿತನ ಅವನಿಗಿರಲಿಲ್ಲ.

"ಆ ಫೋಟೋ ತೋರಿಸು ಮಗಾ."

ಕೋಣೆಯಲ್ಲಿ ದೀಪದ ಹಳದಿ ಬೆಳಕಿತ್ತು. ನಾಲ್ಕು ಎಲೆ. ನಾಲ್ಕು ಸ್ಟೀಲ್ ಲೋಟ, ಒಂದು ಎಡಕ್ಕೆ. ಎಲೆಗಳ ಆಚೆ ಬಿಳಿ ಟೈಲ್ಸಿನ ನೆಲದಲ್ಲಿ, ಬಾಗಿಲ ಹತ್ತಿರ, ಒಡೆದ ಟೈಲಿನ ಜಾಗಕ್ಕೆ ಮೆತ್ತಿದ ಸಿಮೆಂಟಿನ ಕಪ್ಪು ತೇಪೆ.

ಆ ತೇಪೆ ಅವಳಿಗೆ ಗೊತ್ತಿತ್ತು. ಕಳೆದ ವಾರ ಟಿಟ್ವಾಳಾದ ಪುಷ್ಪಾವತಿಯ ಮನೆಗೆ ಹೋದಾಗ ಒದ್ದೆ ಛತ್ರಿಯನ್ನು ಅದರ ಮೇಲೇ ಊರಿದ್ದಳು. ಕುರ್ಚಿಯಲ್ಲಿ ಕೂತ ಕೂಡಲೇ ಪುಷ್ಪಾವತಿಯ ತಮ್ಮ ಪ್ರೇಮನಾಥ ಚಹಾ ತಂದಿದ್ದ. ಭಾವ ಕಾಣೆಯಾದ ಮೇಲೆ ಅಕ್ಕನ ಮನೆಯಲ್ಲೇ ಇದ್ದು, ಯೋಗೀಶನನ್ನು ಶಾಲೆಗೆ ಬಿಟ್ಟು ಕರೆತಂದು, ಓದಿಸಿ, ಮನುಷ್ಯನನ್ನಾಗಿ ಮಾಡಿದ ಸೋದರಮಾವ. ಠಾಣೆ ಊರಿನ ಹೋಟೆಲೊಂದರಲ್ಲಿ ಮೂವತ್ತು ವರ್ಷ ಬಡಿಸುವವರ ಮೇಲಿನ ಕ್ಯಾಪ್ಟನ್ ಆಗಿದ್ದು ನಿವೃತ್ತನಾದವನು. ಮೃದು ಮಾತು, ಇಸ್ತ್ರಿ ಹಾಕಿದ ಅಂಗಿ.

ಅವನು ಚಹಾದ ಕಪ್ಪನ್ನು ಅವಳ ಎಡಗಡೆಗೆ ಇಟ್ಟಿದ್ದ.

ಕೇಳಿರಲಿಲ್ಲ. ಬ್ಯಾಂಡೇಜಿನ ಬಗ್ಗೆ ಮಾತೂ ಆಡಿರಲಿಲ್ಲ. ಬ್ಯಾಂಡೇಜು ಕಟ್ಟಿದಾಗಿನಿಂದ ಅವಳಿಗೆ ಯಾರು ಏನೇ ಕೊಟ್ಟರೂ ಬಲಗಡೆಗೇ. ಇವನೊಬ್ಬ ಮಾತ್ರ ಅವಳು ಕೂತ ರೀತಿಯನ್ನು ಒಮ್ಮೆ ನೋಡಿ ಎಡಕ್ಕಿಟ್ಟ. ಹೋಟೆಲಿನ ಕ್ಯಾಪ್ಟನ್‌ಗಳ ಕಣ್ಣು ಅದು. ಗಿರಾಕಿ ಯಾವ ಕೈಯಲ್ಲಿ ಉಣ್ಣುತ್ತಾನೆ ಎಂದು ನೋಡಿ ಆ ಕಡೆಗೇ ನೀರಿಡುತ್ತಾರೆ. ಯೋಚಿಸಿ ಮಾಡುವುದಲ್ಲ, ಕೈ ತಾನೇ ಮಾಡುತ್ತದೆ. ಎಷ್ಟು ಒಳ್ಳೆಯ ಮನುಷ್ಯ ಎಂದುಕೊಂಡು ಅವಳು ಚಹಾ ಕುಡಿದಿದ್ದಳು. ಅದನ್ನು ನೆನೆದು ಈಗ ಬಾಯಿ ಕಹಿಯಾಯಿತು.

ಪುಷ್ಪಾವತಿ ಬಡಿಸಿದ್ದರೆ ಲೋಟ ಬಲಕ್ಕೇ ಇರುತ್ತಿತ್ತು. ಅಲ್ಲದೆ ಕಳೆದ ದೀಪಾವಳಿಗೆ ಅವಳು ಮನೆಯಲ್ಲೇ ಇರಲಿಲ್ಲ. ತಂಗಿಯ ಮಗಳ ಬಾಣಂತನಕ್ಕೆ ಊರಿಗೆ ಹೋಗಿದ್ದಳು. 'ಹಬ್ಬದ ಅಡುಗೆ, ಬಡಿಸುವುದು ಎಲ್ಲ ತಮ್ಮ ಒಬ್ಬನೇ ಮಾಡಿದ, ಪಾಪ' ಎಂದಿದ್ದಳು.

ಇವತ್ತು ಬಡಿಸುವವನೂ ಅವನೇ.

"ಸಮಿತ್, ಈ ಫೋಟೋ, ಮೇಲ್, ಎಲ್ಲ ತೆಗೆದುಕೊಂಡು ಪೊಲೀಸರ ಹತ್ತಿರ ಹೋಗು. ಟಿಟ್ವಾಳಾಕ್ಕೆ ಜನ ಕಳಿಸ್ಲಿಕ್ಕೆ ಹೇಳು. ಒಮ್ಮೆಯಾದರೂ ಅವನಿಗಾಗಿ ಕುರ್ಚಿ ಬಿಟ್ಟು ಹೊರಡು ಮಾರಾಯ."

ಅವನು ಆಗಲೇ ಬೈಕಿನ ಕೀಲಿ ಹುಡುಕುತ್ತಿದ್ದ.

ಸಾನಪಾಡಾ ಸ್ಟೇಷನ್ನಿನ ಮೆಟ್ಟಿಲಲ್ಲಿ ವಿನೋದಾ ಪುಷ್ಪಾವತಿಗೆ ಫೋನು ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಠಾಣೆ ಊರಿಗೆ ಹೋಗುವ ಲೋಕಲ್ ಗಾಡಿಯೊಳಗೆ ನಿಂತು ಮತ್ತೆ ಮಾಡಿದಳು, ಎತ್ತಲಿಲ್ಲ. ಕಿಟಕಿಯಾಚೆ ಖಾಡಿಯ ಹಿನ್ನೀರು, ಆಕಾಶ, ಮಳೆ ಎಲ್ಲ ಒಂದೇ ಬೂದು ಬಣ್ಣವಾಗಿತ್ತು. ಠಾಣೆಯಲ್ಲಿ ಪ್ಲಾಟ್‌ಫಾರ್ಮ್ ಬದಲಿಸುವ ನೂಕುನುಗ್ಗಲಿನಲ್ಲಿ ಯಾರದೋ ಬ್ಯಾಗು ಅವಳ ಮಣಿಕಟ್ಟಿಗೆ ಬಡಿದು ಕಣ್ಣಲ್ಲಿ ನೀರು ಬಂತು. ಆಸನಗಾಂವ್ ಗಾಡಿಯ ಹೆಂಗಸರ ಡಬ್ಬಿಗೆ ಹೇಗೋ ಹತ್ತಿದಳು. ಡೊಂಬಿವಲಿ ದಾಟಿತು. ಅವಳು ವಾಸವಿದ್ದ ಜಾಗ, ಗಾಡಿ ಅಲ್ಲಿ ನಿಂತದ್ದೂ ಅವಳಿಗೆ ತಿಳಿಯಲಿಲ್ಲ.

ಕಲ್ಯಾಣದಲ್ಲಿ ಅರ್ಧ ಜನ ಇಳಿದಾಗ ಫೋನು ರಿಂಗಾಯಿತು.

"ಎಷ್ಟು ಸಲ ಮಾಡಿದ್ರಿ ವಿನೋದಕ್ಕಾ! ಕೈಯೆಲ್ಲ ಮಸಾಲೆ, ಎತ್ಲಿಕ್ಕೆ ಆಗ್ಲಿಲ್ಲ."

"ಪುಷ್ಪಕ್ಕ, ಪ್ರೇಮನಾಥರು ಎಲ್ಲಿದ್ದಾರೆ?"

"ಕಾಗೆಗೆ ಇಟ್ಟು ಬರ್ತೇನೆ ಅಂತ ಟೆರೇಸಿಗೆ ಹೋದ. ಒಳಗೆ ಬಡಿಸಿ ಆಯ್ತು. ಬಾಗಿಲು ಹಾಕಿ ಉಂಟು."

"ಬಡಿಸಿದ್ದನ್ನು ನೀವು ನೋಡಿದ್ರಾ?"

"ನಾನು ಹೇಗೆ ನೋಡುದು? ಅಡುಗೆ ನನ್ನದು, ಬಡಿಸುವುದು ಅವನದ್ದು. ಬಾಗಿಲು ತಟ್ಟಿ ತೆಗೆಯುವುದೂ ಅವನೇ. ಅವನು ಎಲೆ ಎಲ್ಲ ಎತ್ತಿ ಆದ ಮೇಲೆ ನಾನು ಒಳಗೆ ಹೋಗುದು. ಮೊದಲಿಂದ ಹಾಗೇ ನಮ್ಮಲ್ಲಿ."

ವಿನೋದಾ ಕಂಬಿಯನ್ನು ಗಟ್ಟಿಯಾಗಿ ಹಿಡಿದಳು. "ಪುಷ್ಪಕ್ಕ, ನಾನು ಹೇಳಿದ ಹಾಗೆ ಕೇಳಿ. ಚಪ್ಪಲಿ ಹಾಕಿಕೊಂಡು ಪಕ್ಕದ ಮಾನಮ್ಮನ ಮನೆಗೆ ಹೋಗಿ ಕೂತುಕೊಳ್ಳಿ. ಈಗಲೇ. ನಾನು ಕಲ್ಯಾಣ ದಾಟಿದೆ, ಬಂದೇಬಿಟ್ಟೆ."

ಆ ಕಡೆ ಕುಕ್ಕರೋ ಏನೋ ಸೀಟಿ ಹಾಕಿತು.

"ಯಾಕೆ?" ಎಂದಳು ಪುಷ್ಪಾವತಿ. ಮತ್ತೆ ನಿಧಾನಕ್ಕೆ, "ನೀವು ಉತ್ತರ ಹೇಳ್ತೇನೆ ಅಂದಿದ್ರಿ. ಈಗಷ್ಟೇ ಎರಡೂ ತಟ್ಟೆ ತೊಳೆದು ಕವುಚಿ ಇಟ್ಟೆ ನಾನು. ಹೇಳಿ ವಿನೋದಕ್ಕ. ಯೋಗಿಗೆ ಬಡಿಸ್ಬೇಕಾ, ಬೇಡವಾ?"

ಎಷ್ಟೋ ಮನೆಗಳಿಗೆ ಕೆಟ್ಟ ಸುದ್ದಿ ಹೇಳಿ ಬಂದವಳು ವಿನೋದಾ. ಈ ಹುಡುಗ ಬೇಡ, ಆ ಹುಡುಗಿ ಬೇಡ, ನಿಮಗೆ ಮೋಸವಾಗಿದೆ ಎಂದು ಕಣ್ಣಲ್ಲಿ ಕಣ್ಣಿಟ್ಟು ಹೇಳಬಲ್ಲವಳು. ಇವತ್ತು ನಾಲಿಗೆ ಏಳಲಿಲ್ಲ. ಬೇಡ ಎಂದು ಸುಳ್ಳು ಹೇಳಿದರಾಯಿತು, ಆ ಹೆಂಗಸು ಪಕ್ಕದ ಮನೆಗೆ ಹೋದರೆ ಸಾಕು ಎಂದು ಬುದ್ಧಿ ಹೇಳಿತು. ಅಷ್ಟು ಯೋಚಿಸುವಷ್ಟರಲ್ಲಿ ಹೊತ್ತು ಮೀರಿತ್ತು. ತಾಯಿ ಆ ಮೌನವನ್ನು ಕೇಳಿಸಿಕೊಂಡಿದ್ದಳು.

ಫೋನಿನಲ್ಲಿ ಹೆಜ್ಜೆಯ ಸದ್ದು. ಆಮೇಲೆ ಮರದ ಮೇಲೆ ಬೆರಳಿನ ಗೆಣ್ಣು. ಒಂದು. ಎರಡು. ಮೂರು.

"ಪುಷ್ಪಕ್ಕ, ಬೇಡ! ತೆರೆಯಬೇಡಿ!"

ಡಬ್ಬಿಯ ಹೆಂಗಸರೆಲ್ಲ ತಿರುಗಿ ನೋಡಿದರು. ಬಾಗಿಲು ಕಿರುಗುಟ್ಟಿತು.

ಗಾಡಿ ಶಹಾಡ್ ಬಿಟ್ಟಿತು.

"ನಾಲ್ಕುಂಟು," ಎಂದಳು ಪುಷ್ಪಾವತಿ. ಅಂಗಡಿಯಲ್ಲಿ ತೆಂಗಿನಕಾಯಿ ಎಣಿಸುವವಳ ಹಾಗೆ, ಅಷ್ಟು ಸಪಾಟಾಗಿ. "ನಾನು ಎಲೆ ಕತ್ತರಿಸಿ ಇಟ್ಟದ್ದು ಮೂರು. ನಾಲ್ಕುಂಟು ವಿನೋದಕ್ಕ."

"ಹೊರಗೆ ಬನ್ನಿ ಪುಷ್ಪಕ್ಕ. ನಿಮ್ಮ ಕಾಲು ಹಿಡಿಯುತ್ತೇನೆ, ಹೊರಗೆ ಬನ್ನಿ."

"ಲೋಟ ಎಡಕ್ಕುಂಟು."

ಅಲ್ಲಿಗೆ ಆ ದನಿ ಒಡೆಯಿತು. "ನಾನು ಒಂದು ದಿನವೂ ಅವನಿಗೆ ಎಡಕ್ಕೆ ಇಟ್ಟವಳಲ್ಲ. ಒಂದು ದಿನವೂ ಇಲ್ಲ. ಬೈದು ಬೈದು ಬಲಕ್ಕೇ ಇಟ್ಟೆ ಮಗನಿಗೆ..."

ವಿನೋದಾ ಜನರನ್ನು ನೂಕಿಕೊಂಡು ಬಾಗಿಲ ಕಡೆ ಬಂದಳು. ಆಂಬಿವಲಿ ಇನ್ನೂ ಬರಬೇಕು, ಅದರ ಮುಂದಿನದ್ದು ಟಿಟ್ವಾಳಾ. ಗಾಡಿ ಸಿಗ್ನಲ್ಲಿಗೆ ನಿಧಾನವಾಯಿತು, ಆಮೇಲೆ ನಿಂತೇಬಿಟ್ಟಿತು. ಎರಡೂ ಕಡೆ ನೀರು ತುಂಬಿದ ಹುಲ್ಲುಗಾವಲು, ಒಂದು ನರಪಿಳ್ಳೆಯೂ ಇಲ್ಲ.

ಫೋನಿನೊಳಗೆ ಮನೆಯ ಮುಂಬಾಗಿಲು ತೆರೆದ ಸದ್ದಾಯಿತು. ಮತ್ತೆ ಮುಚ್ಚಿತು. ಚಿಲಕ ಬಿತ್ತು.

ಬಂದ ದನಿ ಮೃದುವಾಗಿತ್ತು. ಚಹಾ ತಂದುಕೊಟ್ಟ ಅದೇ ದನಿ, ತುಳುವಿನಲ್ಲಿ, ತಪ್ಪು ಮಾಡಿದ ಮಗುವನ್ನು ಕೇಳುವ ಹಾಗೆ ಅಕ್ಕನನ್ನು ಕೇಳಿತು.

"ಇಷ್ಟು ಬೇಗ ಯಾಕೆ ತೆರೆದೆ ಅಕ್ಕಾ? ಅವನಿನ್ನೂ ಉಣ್ಣುತ್ತಾ ಇದ್ದ."